ಗೆಳತಿಯ ಫೋನು ಬರುತ್ತದೆ, ಎತ್ತಲು ಕೈ ಬರುತ್ತಿಲ್ಲ

ಪ್ರಶ್ನೆ: ನನಗೆ 56 ವರ್ಷ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ಶಿವಮೊಗ್ಗದಲ್ಲಿ ಓದುವಾಗ ಒಬ್ಬಳು ಗೆಳತಿ ಸಿಕ್ಕಳು. ಒಂದೇ ಮೇಷ್ಟ್ರ ಹತ್ತಿರ ಸಂಗೀತ ಕಲಿತೆವು. ನಾನು ಮದುವೆಯಾಗಿ ತೋಟದ ಮನೆಗೆ ಬಂದೆ, ಅವಳು ಶಿವಮೊಗ್ಗದಲ್ಲೇ ಉಳಿದಳು. ಹದಿನೈದು ವರ್ಷದಿಂದ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ಫೋನಿನಲ್ಲಿ ಮಾತಾಡುತ್ತೇವೆ. ದೊಡ್ಡ ವಿಷಯ ಏನೂ ಇರುವುದಿಲ್ಲ. ಯಾರ ಮನೆಯಲ್ಲಿ ಏನು ವಿಶೇಷ, ರೇಡಿಯೋದಲ್ಲಿ ಯಾವ ರಾಗ ಕೇಳಿದೆ, ಇವತ್ತು ಯಾವ ತಂಬುಳಿ, ಅಷ್ಟೇ. 2022ರ ಆಗಸ್ಟಿನಲ್ಲಿ ಶಿವಮೊಗ್ಗ ಸುಬ್ಬಣ್ಣ ತೀರಿಕೊಂಡ ದಿನ ಮಾತ್ರ ಇಬ್ಬರೂ ಭಾವಗೀತೆ ಹಾಡಿಕೊಂಡು ಅತ್ತೆವು.

ಈಗ ಮೂರು ವರ್ಷದಿಂದ ನಮ್ಮ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂದಿದೆ. ಫಸಲು ಅರ್ಧಕ್ಕೆ ಇಳಿದಿದೆ. ಮಗನಿಗೆ 34 ವರ್ಷ. ಊರಲ್ಲಿದ್ದು ತೋಟ ನೋಡಿಕೊಳ್ಳುತ್ತಾನೆ ಅಂತ ಯಾರೂ ಹೆಣ್ಣು ಕೊಡುತ್ತಿಲ್ಲ. ಇದ್ಯಾವುದನ್ನೂ ಅವಳಿಗೆ ಹೇಳಿಲ್ಲ. 'ಚೆನ್ನಾಗಿದೀವಿ ಕಣೇ' ಅನ್ನುತ್ತಲೇ ಬಂದೆ. ಹೋದ ತಿಂಗಳು ಅವಳ ಮಗಳಿಗೆ ಗಂಡು ಮಗು ಆಯಿತು. ಸುದ್ದಿ ಕೇಳಿ, ಫೋನ್ ಇಟ್ಟು, ಬಚ್ಚಲಿಗೆ ಹೋಗಿ ಅತ್ತೆ. ಮೂರು ವಾರದಿಂದ ಅವಳ ಫೋನ್ ಎತ್ತಿಲ್ಲ. ನಿದ್ದೆ ಸರಿಯಾಗಿ ಬರುತ್ತಿಲ್ಲ. ಬಾಣಂತಿಗೆ ಅಂತ ಮನೆಯ ಕಾಳುಮೆಣಸು, ಒಣಶುಂಠಿ ಕುಟ್ಟಿ ಡಬ್ಬಿಗೆ ತುಂಬಿಟ್ಟಿದ್ದೇನೆ, ಅದನ್ನೂ ಕಳಿಸಿಲ್ಲ. 'ನನ್ನಿಂದ ಏನಾದ್ರೂ ತಪ್ಪಾಯ್ತಾ? ತೊಟ್ಟಿಲ ಶಾಸ್ತ್ರಕ್ಕೆ ಜೋಗುಳ ನೀನೇ ಹಾಡ್ಬೇಕು' ಅಂತ ಅವಳು ವಾಟ್ಸಾಪಿನಲ್ಲಿ ಬರೆದಿದ್ದಾಳೆ. ನಮ್ಮ ಯಜಮಾನರು 'ಮನೆ ಮಾತು ಹೊರಗೆ ಹೋಗಬಾರದು' ಅನ್ನುತ್ತಾರೆ. ನನ್ನದು ಹೊಟ್ಟೆಕಿಚ್ಚಾ? ಎಲ್ಲ ಹೇಳಲಾ, ಮೊದಲಿನ ಹಾಗೇ ನಗುನಗುತ್ತಾ ಇರಲಾ, ಇಲ್ಲ ಸುಮ್ಮನೆ ದೂರ ಆಗಿಬಿಡಲಾ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಇದನ್ನು ಪೂರ್ತಿ ಓದುವ ಮುಂಚೆಯೇ ಅವಳಿಗೆ ಒಂದು ಸಾಲು ಕಳಿಸಿ. 'ನಿನ್ನದೇನೂ ತಪ್ಪಿಲ್ಲ ಕಣೇ. ನಾಳೆ ಸಂಜೆ ನಾನೇ ಫೋನ್ ಮಾಡ್ತೀನಿ.' ಇಷ್ಟು ಸಾಕು. ಕಳಿಸಿ ಬನ್ನಿ, ಉಳಿದದ್ದು ನಿಧಾನವಾಗಿ ಮಾತಾಡೋಣ.

ಯಾಕೆ ಇಷ್ಟು ಅವಸರ ಮಾಡುತ್ತಿದ್ದೇನೆ ಅಂದರೆ, ನಿಮ್ಮ ಕಷ್ಟ ಮೂರು ವರ್ಷದ್ದು, ಅದು ಇನ್ನೂ ಒಂದು ದಿನ ಕಾಯಬಹುದು. ಅವಳದು ಮೂರು ವಾರದ್ದು, ಅದು ಕಾಯಬಾರದು. ಮನೆಯಲ್ಲಿ ಬಾಣಂತಿ, ಕೂಸು, ಬಂದು ಹೋಗುವ ನೆಂಟರು. ಅದರ ಮಧ್ಯೆ ಅವಳು ದಿನಾ ಸಂಜೆ ನೆನಪಿಸಿಕೊಳ್ಳುತ್ತಿರುತ್ತಾಳೆ. ಆವತ್ತು ನಾನು ಏನು ಅಂದೆ? ಮಗುವಿನ ವಿಷಯ ಜಾಸ್ತಿ ಹೇಳಿಬಿಟ್ಟೆನಾ? ಅವಳು ಮಾಡದ ತಪ್ಪನ್ನು ಹುಡುಕುತ್ತಾ ಕೂತಿದ್ದಾಳೆ. ಆ ಭಾರವನ್ನು ಇವತ್ತೇ ಇಳಿಸಿಬಿಡಿ.

ಇನ್ನು ಹೊಟ್ಟೆಕಿಚ್ಚಿನ ಮಾತು. ಹೊಟ್ಟೆಕಿಚ್ಚು ಇರುವವರು ಬಾಣಂತಿಗೆ ಅಂತ ಮೆಣಸು ಶುಂಠಿ ಕುಟ್ಟಿ ಇಡುವುದಿಲ್ಲ ಅಕ್ಕ. ಅವಳಿಗೆ ಸಿಕ್ಕಿದ್ದು ಸಿಗಬಾರದಿತ್ತು ಅಂತ ನಿಮಗೆ ಒಂದು ಕ್ಷಣವೂ ಅನ್ನಿಸಿಲ್ಲ. ನನ್ನ ಮನೆಯಲ್ಲೂ ಒಂದು ತೊಟ್ಟಿಲು ಕಟ್ಟುವ ಹಾಗಿದ್ದರೆ ಅಂತ ಅನ್ನಿಸಿತು. 34 ವರ್ಷದ ಮಗ ಇರುವ ತಾಯಿಗೆ ಅದು ಅನ್ನಿಸದೇ ಇರುತ್ತದಾ? ಬಚ್ಚಲಿಗೆ ಹೋಗಿ ಅತ್ತಿದ್ದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಒಂದೇ ಸುದ್ದಿಗೆ ಖುಷಿಯೂ ಆಗುತ್ತದೆ, ಸಂಕಟವೂ ಆಗುತ್ತದೆ. ಎರಡೂ ನಿಮ್ಮವೇ.

ನೀವು ಪತ್ರದಲ್ಲಿ 'ದೊಡ್ಡ ವಿಷಯ ಏನೂ ಇರುವುದಿಲ್ಲ' ಅಂತ ಬರೆದಿದ್ದೀರಿ. ಅದನ್ನು ಓದಿ ನನಗೆ ನಮ್ಮ ಹಳೆ ಮನೆಯ ಅಂಗಳ ನೆನಪಾಯಿತು. ನಾನು ಹೊಸನಗರದ ಕಡೆಯವಳು. ಈಗ ಅಡಿಕೆ ಸುಲಿಯಲು ಯಂತ್ರ ಬಂದಿದೆ. ನಾನು ಚಿಕ್ಕವಳಿದ್ದಾಗ ದೀಪಾವಳಿ ಕಳೆದರೆ ರಾತ್ರಿ ಹನ್ನೊಂದರ ತನಕ ಸುಲಿತ. ಚಪ್ಪರದ ಕೆಳಗೆ ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತಿದ್ದರು. ಆ ಕಡೆ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು, ಅಂಗಳದ ತುಂಬ ಚೊಗರಿನ ವಾಸನೆ. ಕಂಬದ ಮೊಳೆಗೆ ರೇಡಿಯೋ ನೇತು ಹಾಕಿರುತ್ತಿದ್ದರು. ಭದ್ರಾವತಿ ಆಕಾಶವಾಣಿ 1965ರಿಂದ ಇದೆಯಲ್ಲ, ನಮ್ಮ ಅಂಗಳಕ್ಕೆ ಸಂಗೀತ ಬರುತ್ತಿದ್ದುದೇ ಅಲ್ಲಿಂದ.

ಅಲ್ಲಿ ಮಾತು ಹೇಗೆ ಸಾಗುತ್ತಿತ್ತು ಗೊತ್ತಾ? 'ಈ ಸಲ ಕೊಳೆ ರೋಗಕ್ಕೆ ಕೆಳಗಿನ ತೋಟ ಪೂರಾ ಉದುರಿಹೋಯ್ತು ಮಾರಾಯ್ತಿ' ಅಂತ ಒಬ್ಬಳು ಅನ್ನುತ್ತಿದ್ದಳು. ಪಕ್ಕದವಳು 'ಅಯ್ಯೋ, ಪೂರಾನಾ?' ಅಂದು ಒಂದು ಗಳಿಗೆ ಸುಮ್ಮನಿರುತ್ತಿದ್ದಳು. ಆ ಗಳಿಗೆಯಲ್ಲಿ ಕತ್ತಿಗೆ ಅಡಿಕೆ ತಾಗುವ ಶಬ್ದ ಮಾತ್ರ. ಆಮೇಲೆ ಇನ್ಯಾರೋ 'ನಿನ್ನ ನಾದಿನಿ ಸೀಮಂತಕ್ಕೆ ಎಂತ ಬಣ್ಣದ ಸೀರೆ ತಂದ್ರೇ?' ಅನ್ನುತ್ತಿದ್ದರು. ತೋಟ ಉದುರಿದವಳೇ ಸೀರೆಯ ಬಣ್ಣ, ಅಂಚು, ಸೆರಗು ಎಲ್ಲ ವಿವರಿಸುತ್ತಿದ್ದಳು. ರೇಡಿಯೋದಲ್ಲಿ ಗೊತ್ತಿದ್ದ ಹಾಡು ಬಂದರೆ ಅವಳೇ ಮೊದಲು ದನಿ ಸೇರಿಸುತ್ತಿದ್ದಳು. ಮಾರನೇ ದಿನ ಬೆಳಿಗ್ಗೆ ನಮ್ಮ ಅಮ್ಮ ಅವಳ ಮನೆಗೆ ಅರ್ಧ ಚೀಲ ಅಕ್ಕಿ ಕಳಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ರಾತ್ರಿ ಅಕ್ಕಿಯ ಮಾತೇ ಬಂದಿರಲಿಲ್ಲ.

ನಿಮ್ಮ ಸಂಜೆಯ ಅರ್ಧ ಗಂಟೆಯೂ ನನಗೆ ಆ ಚಪ್ಪರದ ಹಾಗೇ ಕಾಣುತ್ತದೆ. ಅಲ್ಲಿ ತಂಬುಳಿಗೂ ಜಾಗ ಇದೆ, ಕೊಳೆ ರೋಗಕ್ಕೂ ಜಾಗ ಇದೆ. ನೀವು ಒಂದನ್ನು ಒಳಗೆ ಬಿಡದೆ ಮೂರು ವರ್ಷ ಬಾಗಿಲು ಹಿಡಿದುಕೊಂಡು ನಿಂತಿರಿ. ಕೈ ಸೋತಿದೆ. ಅದಕ್ಕೇ ಈಗ ಬಾಗಿಲನ್ನೇ ಮುಚ್ಚಿಬಿಡೋಣ ಅನ್ನಿಸುತ್ತಿದೆ.

ಹಾಗಾದರೆ ಇಷ್ಟು ದಿನ ಸುಳ್ಳು ಹೇಳಿದೆನಾ ಅಂತ ಕೇಳಬಹುದು. ನೀವು ಸಂಗೀತ ಕಲಿತವರು, ಆದ್ದರಿಂದ ಹೀಗೆ ಹೇಳುತ್ತೇನೆ. ಮೋಹನ ರಾಗದಲ್ಲಿ ಮಧ್ಯಮ ಇಲ್ಲ, ನಿಷಾದ ಇಲ್ಲ. ಐದೇ ಸ್ವರ. ಎರಡು ಬಿಟ್ಟಿದ್ದಾರೆ, ಇದು ಮೋಸ ಅಂತ ಯಾರೂ ಅನ್ನುವುದಿಲ್ಲ. ರಾಗ ಇರುವುದೇ ಹಾಗೆ. ಎಲ್ಲ ಗೆಳೆತನದಲ್ಲೂ ಹೀಗೆ ಬಿಟ್ಟ ಸ್ವರ ಕೆಲವು ಇರುತ್ತವೆ. ಅವಳೂ ನಿಮಗೆ ಹೇಳದೆ ಬಿಟ್ಟದ್ದು ಇದ್ದೇ ಇರುತ್ತದೆ. ಆದರೆ 'ಚೆನ್ನಾಗಿದೀವಿ' ಅನ್ನುವಾಗ ಶ್ರುತಿ ಸ್ವಲ್ಪ ತಪ್ಪುತ್ತಿತ್ತು, ಅಲ್ವಾ? ಮೂವತ್ತು ವರ್ಷಕ್ಕೂ ಮೇಲೆ ನಿಮ್ಮ ದನಿ ಕೇಳಿದವಳು ಅವಳು. ಅದು ಅವಳ ಕಿವಿಗೆ ಬೀಳದೇ ಇರುವುದಿಲ್ಲ. ಏನೋ ಇದೆ ಅಂತ ಅವಳಿಗೆ ಗೊತ್ತಿರುತ್ತದೆ. ಏನು ಅನ್ನುವುದು ಮಾತ್ರ ಗೊತ್ತಿರಲಿಕ್ಕಿಲ್ಲ.

ಈಗ ನಿಮ್ಮ ಯಜಮಾನರ ಮಾತು. ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ಎಲೆಚುಕ್ಕಿ ರೋಗ ಯಾವ ಲೆಕ್ಕದಲ್ಲಿ ಮನೆಯ ಗುಟ್ಟು? ತೀರ್ಥಹಳ್ಳಿ, ಹೊಸನಗರ, ಸಾಗರ, ಆಚೆ ಶೃಂಗೇರಿ, ಕೊಪ್ಪ, ಎಲ್ಲ ಕಡೆ ಅಡಿಕೆ ಮರದ ಸೋಗೆ ಒಣಗಿ ನಿಂತಿರುವುದು ಬಸ್ಸಿನಲ್ಲಿ ಹೋಗುವವರಿಗೂ ಕಾಣುತ್ತದೆ. ಅದು ಶಿಲೀಂಧ್ರದಿಂದ ಬರುವ ರೋಗ. ಮಳೆ ಗಾಳಿಯಲ್ಲಿ ಒಂದು ತೋಟದಿಂದ ಇನ್ನೊಂದಕ್ಕೆ ಹರಡುತ್ತದೆ. ನಾವು ಔಷಧಿ ಹೊಡೆದು ಪಕ್ಕದವರು ಬಿಟ್ಟರೆ ಮತ್ತೆ ಬರುತ್ತದೆ. ನಿಮ್ಮ ಮನೆಯವರ ದುಡಿಮೆಯ ಕೊರತೆಯಿಂದ ಬಂದದ್ದಲ್ಲ. ನಿಮ್ಮ ಗೆಳತಿ ಇರುವುದು ಅಡಿಕೆ ಮಂಡಿಯ ಊರಿನಲ್ಲಿ. ಪೇಪರಿನಲ್ಲಿ ಅವಳೂ ಓದಿರುತ್ತಾಳೆ. ನಿಮ್ಮ ತೋಟಕ್ಕೂ ಬಂತಾ ಅಂತ ಕೇಳಲು ಹಿಂಜರಿದಿರಲೂಬಹುದು. ತೋಟದ ವಿಷಯ ಧಾರಾಳವಾಗಿ ಹೇಳಿ. ಯಜಮಾನರಿಗೂ ಮೊದಲೇ ತಿಳಿಸಿ, 'ತೋಟದ್ದು ಹೇಳ್ತೀನಿ, ಸಾಲದ ಲೆಕ್ಕ ಹೇಳಲ್ಲ' ಅಂತ. ಎಲ್ಲಿಯ ತನಕ ಹೇಳುತ್ತೀರಿ ಅಂತ ಗೊತ್ತಾದರೆ ಅವರಿಗೂ ಸಮಾಧಾನ ಆಗುತ್ತದೆ.

ಮಗನ ವಿಷಯ ಹಾಗಲ್ಲ. ಅದು ಅವನದು. ಅವನನ್ನು ಕೇಳದೆ ಹೇಳಬೇಡಿ. ತೋಟಕ್ಕೆ ಹೊರಟಾಗ ಕಾಫಿ ಕೊಡುತ್ತಾ ಕೇಳಿ, 'ಅತ್ತೆ ಹತ್ತಿರ ನಿನ್ನ ವಿಷಯ ಮಾತಾಡಲಾ?' ಅಂತ. ಅತ್ತೆ ಅನ್ನುತ್ತಾನೋ, ಚಿಕ್ಕಮ್ಮ ಅನ್ನುತ್ತಾನೋ, ಅವಳನ್ನು ಅವನು ಕರೆಯುವ ಹಾಗೇ ಹೇಳಿ. ಬೇಡ ಅಂದರೆ ಬಿಟ್ಟುಬಿಡಿ. ಆಯಿತು ಅಂದರೆ ಹೇಳಿ, ಆದರೆ ಮೊದಲ ದಿನವೇ 'ನಿನ್ನ ಕಡೆ ಯಾವುದಾದ್ರೂ ಹುಡುಗಿ ಇದ್ರೆ ನೋಡೇ' ಅನ್ನಬೇಡಿ. ಬಾಣಂತನದ ಮನೆಯವಳಿಗೆ ಇನ್ನೊಂದು ಕೆಲಸ ಹಚ್ಚಿದ ಹಾಗಾಗುತ್ತದೆ. ಮಲೆನಾಡಿನ ಎಷ್ಟೋ ತೋಟದ ಮನೆಗಳಲ್ಲಿ ಇದೇ ಕತೆ. ಅಪ್ಪ ಅಮ್ಮನ ಜೊತೆ ಇದ್ದು ಮಣ್ಣು ಬಿಡದೇ ಇರುವ ಹುಡುಗರಿಗೆ ಇಂಥ ಕಾಲ ಬಂದಿರುವುದು ನನಗೆ ತುಂಬಾ ನೋವಿನ ವಿಷಯ. ನಿಮ್ಮ ಮಗನಲ್ಲಿ ಯಾವ ಕೊರತೆಯೂ ಇಲ್ಲ, ಇದನ್ನು ಅವನಿಗೂ ಒಂದು ಸಲ ಬಾಯಿಬಿಟ್ಟು ಹೇಳಿ.

ನಾಳೆ ಸಂಜೆ ಹೇಗೆ ಶುರು ಮಾಡುವುದು? ಮೊದಲು ಕೂಸಿನ ವಿಷಯ ಕೇಳಿ. ರಾತ್ರಿ ನಿದ್ದೆ ಕೊಡುತ್ತಾನಾ, ಯಾರ ಹಾಗಿದ್ದಾನೆ, ಎಲ್ಲ. ಆಮೇಲೆ ಹೀಗೆ ಹೇಳಬಹುದು: 'ನಿನ್ನ ಹತ್ತಿರ ಒಂದು ವಿಷಯ ಮುಚ್ಚಿಟ್ಟಿದ್ದೆ ಕಣೇ. ತೋಟಕ್ಕೆ ಮೂರು ವರ್ಷದಿಂದ ಎಲೆಚುಕ್ಕಿ. ಫಸಲು ಅರ್ಧ ಹೋಗಿದೆ. ನಿನ್ನ ಖುಷಿ ಸುದ್ದಿ ಕೇಳಿ ಯಾಕೋ ಅಳು ಬಂತು. ಅದಕ್ಕೇ ಫೋನ್ ಎತ್ತಲಿಲ್ಲ. ನೀನು ಸುದ್ದಿ ಹೇಳೋದು ಮಾತ್ರ ನಿಲ್ಲಿಸಬೇಡ.' ಕೊನೆಯ ಮಾತು ಮುಖ್ಯ. ಅದನ್ನು ಹೇಳದಿದ್ದರೆ ಅವಳು ಇನ್ನು ಮುಂದೆ ಮೊಮ್ಮಗನ ವಿಷಯ ತೆಗೆಯಲೂ ಯೋಚನೆ ಮಾಡುತ್ತಾಳೆ. ಆಗ ಇಬ್ಬರೂ ಅಳೆದು ತೂಗಿ ಮಾತಾಡುವ ಹಾಗಾಗುತ್ತದೆ. ನಿಮ್ಮ ಮಾತಿಗೆ ಇರುವ ರುಚಿಯೇ ಹೋಗಿಬಿಡುತ್ತದೆ.

ಹೇಳಿದ ಮೇಲೆ ಅವಳು ಸುಮ್ಮನಾದರೆ ಗಾಬರಿಯಾಗಬೇಡಿ. ಚಪ್ಪರದ ಆ ಒಂದು ಗಳಿಗೆ ನೆನಪಿಸಿಕೊಳ್ಳಿ. ಅವಳು ಅತ್ತರೆ ಅಳಲಿ. ಹತ್ತು ನಿಮಿಷ ಸಾಕು ಇದಕ್ಕೆ. ಆಮೇಲೆ ನೀವೇ ಕೇಳಿ, ಇವತ್ತು ಬಾಣಂತಿಗೆ ಏನು ಅಡುಗೆ ಅಂತ. ದಿನಾ ತೋಟದ ಲೆಕ್ಕವನ್ನೇ ಹೇಳುವ ಅರ್ಧ ಗಂಟೆ ಮಾಡಿಕೊಳ್ಳಬೇಡಿ. ಹಿತ್ತಲಿನ ಒಂದೆಲಗ, ಮಳೆ ಶುರುವಾದ ಮೇಲಿನ ಕಳಲೆ, ಕೆಸುವಿನ ಎಲೆಯ ಪತ್ರೊಡೆ, ಇವೆಲ್ಲ ಎಲೆಚುಕ್ಕಿ ಬಂದ ವರ್ಷವೂ ಇದ್ದವು, ನೀವು ಅವನ್ನು ತಿಂದು ಖುಷಿಪಟ್ಟದ್ದೂ ನಿಜ. ಅದರ ಮಾತಾಡಿದ್ದಕ್ಕೆ ನಿಮ್ಮ ಮನಸ್ಸಿನಲ್ಲಿ ಯಾವ ಅಳುಕೂ ಬೇಡ.

ನಿದ್ದೆಯ ವಿಷಯವನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾನು ಹಾಗೆ ಬಿಡಲಾರೆ. ಮಾತಾಡಿ ಮನಸ್ಸು ಹಗುರ ಆದ ಮೇಲೂ ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ, ಊಟ ಸೇರದಿದ್ದರೆ, ತೀರ್ಥಹಳ್ಳಿಗೆ ಹೋಗಿ ಡಾಕ್ಟರಿಗೆ ತೋರಿಸಿ. ಟೆಲಿ ಮನಸ್ ಅಂತ ಮನಸ್ಸಿನ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತೋಟದ ಚಿಂತೆಯಲ್ಲಿ ನಿಮ್ಮ ಯಜಮಾನರೂ ಒಳಗೊಳಗೇ ಸೊರಗುತ್ತಿರಬಹುದು, ಈ ನಂಬರು ಅವರಿಗೂ ಗೊತ್ತಿರಲಿ.

ಇನ್ನು ಉಳಿದದ್ದು ತೊಟ್ಟಿಲ ಶಾಸ್ತ್ರ. ಹೋಗಿ. ಹಿಂದಿನ ದಿನವೇ ಹೋಗಿ. ಮೆಣಸು ಶುಂಠಿಯ ಡಬ್ಬಿ, ಹಲಸಿನ ಹಪ್ಪಳ, ಭರಣಿಯಲ್ಲಿ ಉಳಿದಿದ್ದರೆ ಒಂದಿಷ್ಟು ಅಪ್ಪೆಮಿಡಿ ಉಪ್ಪಿನಕಾಯಿ ಚೀಲಕ್ಕೆ ಹಾಕಿಕೊಳ್ಳಿ. ಬಸ್ಸಿನಲ್ಲಿ ತುಂಗೆಯ ಕಡೆಯ ಕಿಟಕಿ ಹಿಡಿದು ಕೂತುಕೊಳ್ಳಿ. ಮಳೆಗಾಲ ಆದ್ದರಿಂದ ಮಂಡಗದ್ದೆಯಲ್ಲಿ ಹೊಳೆ ನಡುವಿನ ಮರಗಳ ಮೇಲೆ ಹಕ್ಕಿ ಕೂತಿರುತ್ತವೆ. ಹೋದ ಕೂಡಲೇ ಅವಳಿಗೆ ಹೇಳಲು ಒಂದು ಸುದ್ದಿ ಆಯಿತು.

ಜೋಗುಳ ಹಾಡುವಾಗ ಗಂಟಲು ಕಟ್ಟಿದರೆ ಅಂತ ನಿಮಗೆ ಭಯ ಇರಬಹುದು. ಕಟ್ಟಿದರೆ ಅವಳು ಮುಂದುವರಿಸುತ್ತಾಳೆ. ಒಂದೇ ಮೇಷ್ಟ್ರು ಹೇಳಿಕೊಟ್ಟ ಪಾಠ ಅಲ್ವಾ? ನೀಲಾಂಬರಿಯಲ್ಲಿ ಹಾಡುವುದಾದರೆ ತುಂಬಾ ಚೆನ್ನ, ಕೂಸು ಮಲಗಿಸಲು ಹಿರಿಯರು ಇಟ್ಟುಕೊಂಡಿರುವ ರಾಗ ಅದು. ಶ್ರುತಿಪೆಟ್ಟಿಗೆ ಮೇಲಿನ ಧೂಳು ಒರೆಸಿ ನಾಳೆ ಬೆಳಿಗ್ಗೆ ಒಂದು ಸಲ ಹಾಡಿ ನೋಡಿ. ಈ ವಯಸ್ಸಿಗೆ ಇಬ್ಬರ ದನಿಯೂ ಶ್ರುತಿಯಲ್ಲಿ ಒಂದು ಮನೆ ಕೆಳಗೆ ಬಂದಿರುತ್ತದೆ. ಅವಳಿಗೆ ಈಗ ಯಾವ ಶ್ರುತಿ ಆಗುತ್ತದೆ ಅಂತ ಸಂಜೆ ಫೋನಿನಲ್ಲಿ ಮರೆಯದೆ ಕೇಳಿ.