ಕೊಡಗಿನಲ್ಲಿ ಪರಿಸರಸ್ನೇಹಿ ಗಾಲ್ಫ್ ರೆಸಾರ್ಟ್ ಸಾಧ್ಯವೇ?

ವಿರಾಜಪೇಟೆ ಕಡೆ ನಿಮ್ಮ ಕುಟುಂಬಕ್ಕೆ ತೋಟ, ಗದ್ದೆ, ಬಾಣೆ (ಗದ್ದೆಗೆ ಹೊಂದಿಕೊಂಡ, ಮರಗಳಿರುವ ಎತ್ತರದ ಜಾಗ) ಎಲ್ಲ ಸೇರಿ ಸುಮಾರು 150 ಎಕರೆ ಇದೆ. ಅಲ್ಲಿ 18 ಹೋಲ್‌ಗಳ ಗಾಲ್ಫ್ ಮೈದಾನ ಮತ್ತು 60 ಕೋಣೆಗಳ ರೆಸಾರ್ಟ್ ಮಾಡುತ್ತೇವೆ, ಎಲ್ಲವೂ ಪರಿಸರಸ್ನೇಹಿ ಎಂದು ಒಂದು ಕಂಪನಿ ಹೇಳುತ್ತಿದೆ, ನಂಬಬಹುದೇ ಎಂದು ಕೇಳಿದ್ದೀರಿ. ನಾನು ಸಿದ್ದಾಪುರ ಕಡೆಯ ಕಾಫಿ ಬೆಳೆಗಾರ. ಊರಿಗೆ ಮರಳುವ ಮುನ್ನ ಬೆಂಗಳೂರಿನ ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲು ಮತ್ತು ನೀರಾವರಿಯ ಉಸ್ತುವಾರಿ ನೋಡಿಕೊಂಡಿದ್ದೆ. ನನ್ನ ಉತ್ತರ ಇಷ್ಟು: 18 ಹೋಲ್‌ ಬೇಡವೇ ಬೇಡ. ಒಂಬತ್ತು ಹೋಲ್‌ಗಳ ಚಿಕ್ಕ ಮೈದಾನವಾದರೆ ಯೋಚಿಸಬಹುದು, ಅದೂ ಬೇಸಿಗೆಯ ನೀರಿನ ಲೆಕ್ಕ ಸರಿಹೊಂದಿದರೆ ಮಾತ್ರ.

ನೀರಿನಿಂದಲೇ ಶುರು ಮಾಡುತ್ತೇನೆ. ಒಂದು ಹೆಕ್ಟೇರ್ ಹುಲ್ಲಿಗೆ ಒಂದು ಮಿಲಿಮೀಟರ್ ನೀರು ಹಾಯಿಸಿದರೆ ಹತ್ತು ಸಾವಿರ ಲೀಟರ್ ಬೇಕು. ಫೆಬ್ರವರಿ, ಮಾರ್ಚ್ ಬಿಸಿಲಿನಲ್ಲಿ ಹುಲ್ಲು ಹಸಿರಾಗಿಯೇ ಇರಬೇಕಾದರೆ ದಿನಕ್ಕೆ ನಾಲ್ಕು ಮಿಲಿಮೀಟರ್‌ನಷ್ಟಾದರೂ ಕೊಡಬೇಕು. 18 ಹೋಲ್‌ ಮೈದಾನದಲ್ಲಿ ನೀರು ಕೇಳುವ ಜಾಗ 25 ಹೆಕ್ಟೇರ್ ಎಂದು ಹಿಡಿಯಿರಿ. ದಿನಕ್ಕೆ ಹತ್ತು ಲಕ್ಷ ಲೀಟರ್ ಆಯಿತು.

ಕೊಡಗಿನಲ್ಲಿ ಮಳೆಗೇನು ಬರವೇ ಎಂದು ಕಂಪನಿಯವರು ಕೇಳಿಯಾರು. ಮಳೆ ಬರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ನೀರು ಬೇಕಾಗುವುದು ಫೆಬ್ರವರಿ, ಮಾರ್ಚ್, ಏಪ್ರಿಲ್‌ನಲ್ಲಿ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಕೈಕೊಟ್ಟ ವರ್ಷ ರೊಬಸ್ಟಾ ಕಾಫಿಯ ಹೂವಿಗೆ ನಾವೆಲ್ಲ ಸ್ಪ್ರಿಂಕ್ಲರ್ ಹಾಕುವುದೂ ಅದೇ ದಿನಗಳಲ್ಲಿ. ಹೂ ಅರಳಿ ಎರಡು ಮೂರು ವಾರಕ್ಕೆ ಬ್ಯಾಕಿಂಗ್ ನೀರು, ಅಂದರೆ ಎರಡನೇ ಸುತ್ತಿನ ನೀರು, ಕೊಡದಿದ್ದರೆ ಮಿಡಿ ನಿಲ್ಲುವುದಿಲ್ಲ. ಮಾರ್ಚ್‌ನಲ್ಲಿ ನಮ್ಮ ಕೆರೆಯ ನೀರು ಎಷ್ಟು ಕೆಳಗಿಳಿದಿರುತ್ತದೆ ಎಂದರೆ, ಪಂಪ್‌ನ ಫುಟ್‌ವಾಲ್ವ್ ಕೆಸರು ಎಳೆಯಬಾರದೆಂದು ಅದಕ್ಕೆ ಬಿದಿರಿನ ಬುಟ್ಟಿ ಕಟ್ಟಿ ಇಳಿಸುತ್ತೇವೆ. ಬೆಳಿಗ್ಗೆ ಸ್ವಲ್ಪ ಹೊತ್ತು ಪಂಪ್ ಓಡಿಸಿ, ಒರತೆ ತುಂಬಲಿ ಎಂದು ಮಧ್ಯಾಹ್ನದವರೆಗೆ ಕಾಯುತ್ತೇವೆ. ಅದೇ ಒರತೆಯ ಮೇಲ್ಭಾಗದಲ್ಲಿ ಯಾರಾದರೂ ಸಾಲಾಗಿ ಕೊಳವೆಬಾವಿ ಕೊರೆದು ದಿನಕ್ಕೆ ಹತ್ತು ಲಕ್ಷ ಲೀಟರ್ ಎಳೆದರೆ ಕೆಳಗಿನ ಊರಿನ ಕೆರೆ, ಬಾವಿಗಳ ಗತಿ ಏನಾದೀತು ಎಂದು ನೀವೇ ಊಹಿಸಿ.

ಈಗ ಇನ್ನೊಂದು ಲೆಕ್ಕ ಮಾಡೋಣ. ಒಂಬತ್ತು ಹೋಲ್‌ಗಳ ಮೈದಾನ. ಚೆಂಡು ಉರುಳಿ ಕುಳಿ ಸೇರುವ ಗ್ರೀನ್‌ಗಳಿಗೆ ಮತ್ತು ಆಟ ಆರಂಭಿಸುವ ಕಟ್ಟೆಗಳಿಗೆ ಮಾತ್ರ ನೀರು. ಎಲ್ಲ ಸೇರಿ ಸುಮಾರು ಒಂದು ಹೆಕ್ಟೇರ್, ದಿನಕ್ಕೆ 40,000 ಲೀಟರ್. 60 ಕೋಣೆಗಳ ರೆಸಾರ್ಟ್‌ನಲ್ಲಿ ಅತಿಥಿಗಳು, ಸಿಬ್ಬಂದಿ ಸೇರಿ 200 ಜನ ಬಳಸಿಬಿಟ್ಟ ನೀರನ್ನು ಶುದ್ಧೀಕರಿಸಿದರೆ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ಇವೆರಡರ ಮಧ್ಯದ ಹುಲ್ಲುಪಟ್ಟಿಗಳಾದ ಫೇರ್‌ವೇಗಳಿಗೆ ನಮ್ಮ ಗರಿಕೆಯ ಜಾತಿಯದೇ ಹುಲ್ಲು ಹಾಕಿ, ಬೇಸಿಗೆಯಲ್ಲಿ ಕಂದಾಗಲು ಬಿಡಬೇಕು. ಗರಿಕೆ ಒಣಗಿದಂತೆ ಕಂಡರೂ ಸಾಯುವುದಿಲ್ಲ, ಮೊದಲ ಮಳೆಗೆ ಚಿಗುರುತ್ತದೆ. ಜಾಹೀರಾತಿನ ಚಿತ್ರದಲ್ಲಿ ಏಪ್ರಿಲ್‌ನಲ್ಲೂ ಹಚ್ಚಹಸಿರು ತೋರಿಸುವ ಕಂಪನಿ ಇದಕ್ಕೆ ಒಪ್ಪುತ್ತದೆಯೇ ಎಂದು ಮೊದಲ ದಿನವೇ ಕೇಳಿ. ಉತ್ತರದಲ್ಲೇ ಅವರ ಮನಸ್ಸು ತಿಳಿಯುತ್ತದೆ.

ಶುದ್ಧೀಕರಿಸಿದ ನೀರೆಲ್ಲ ಹುಲ್ಲಿಗೇ ಹೋಗುತ್ತದೆ, ಒಂದು ಹನಿಯೂ ಹೊರಗೆ ಹೋಗುವುದಿಲ್ಲ ಎಂದು ಯೋಜನಾ ವರದಿಯಲ್ಲಿ ಬರೆದಿರುತ್ತಾರೆ. ಜುಲೈನಲ್ಲಿ ಮಣ್ಣು ನೀರು ಕುಡಿದು ಉಬ್ಬಿರುವಾಗ ಯಾವ ಹುಲ್ಲಿಗೆ ಹಾಯಿಸುತ್ತಾರೆ? ಮಳೆಗಾಲದ ನಾಲ್ಕು ತಿಂಗಳು ಆ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಕ್ಷೆಯಲ್ಲಿ ಗುರುತು ಮಾಡಿಸಿಕೊಳ್ಳಿ. ಇಲ್ಲವಾದರೆ ಅದು ಸೇರುವುದು ನಿಮ್ಮ ತೋಡಿಗೆ (ಸಣ್ಣ ಹಳ್ಳಕ್ಕೆ), ಅಲ್ಲಿಂದ ಕಾವೇರಿಗೆ. ಗೊಬ್ಬರದ ವಿಷಯವೂ ಹೀಗೆಯೇ. ಗ್ರೀನ್‌ಗಳನ್ನು ಮರಳಿನ ಪದರದ ಮೇಲೆ ಬೆಳೆಸುವುದರಿಂದ ಜೂನ್‌ನಲ್ಲಿ ಹಾಕಿದ ಸಾರಜನಕ ನೇರವಾಗಿ ಕೆಳಗಿನ ಪೈಪಿಗೆ ಇಳಿಯುತ್ತದೆ. ಜಡಿಮಳೆಯ ತಿಂಗಳುಗಳಲ್ಲಿ ಗೊಬ್ಬರ ಬೇಡ, ಪೈಪಿನ ನೀರು ಜೌಗು ಗಿಡಗಳ ಅಗಲವಾದ ಪಟ್ಟಿಯನ್ನು ದಾಟಿಯೇ ತೋಡಿಗೆ ಬರಬೇಕು ಎಂದು ಷರತ್ತು ಹಾಕಿ. ಕೀಟನಾಶಕದ ಬಗ್ಗೆ ಇನ್ನೂ ಕಟ್ಟುನಿಟ್ಟಾಗಿರಿ. ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಗಾಳಿ ಮತ್ತು ಜೇನು ಬೇಕು. ಹೂವಿನ ವಾರದಲ್ಲಿ ನಿಮ್ಮ ಮೈದಾನಕ್ಕೆ ಹೊಡೆದ ಔಷಧಿಯ ನಷ್ಟವನ್ನು ಪಕ್ಕದ ತೋಟದವರು ಅನುಭವಿಸುತ್ತಾರೆ.

ಇನ್ನು ಇಳಿಜಾರು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಸುತ್ತ ಗುಡ್ಡ ಕುಸಿದು ಏನಾಯಿತು, 2019ರಲ್ಲಿ ನಿಮ್ಮ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಏನಾಯಿತು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಗಾಲ್ಫ್‌ ಮೈದಾನ ಎಂದರೆ ಹುಲ್ಲು ಹಾಸುವುದಷ್ಟೇ ಅಲ್ಲ. ಗುಡ್ಡ ಕಡಿದು ತಗ್ಗಿಗೆ ತುಂಬಿ ನೆಲಕ್ಕೆ ಹೊಸ ರೂಪ ಕೊಡುವುದು. ನಮ್ಮ ಮೇಲಿನ ಜಾಗದಲ್ಲಿ ಒಂದು ರೆಸಾರ್ಟಿಗಾಗಿ ಬರೆ (ಗುಡ್ಡದ ಕಡಿದಾದ ಬದಿ) ಕಡಿದ ಮಣ್ಣನ್ನು ತೋಡಿನ ಪಕ್ಕದಲ್ಲೇ ಸುರಿದಿದ್ದರು. ಮುಂದಿನ ಮಳೆಗೆ ಅದು ನಮ್ಮ ನಾಟಿ ಗದ್ದೆಗೆ ಇಳಿಯಿತು. ಪೈರಿನ ಮೇಲೆ ಮೊಣಕಾಲುದ್ದ ಕೆಂಪು ಮಣ್ಣು ಕುಳಿತಿತ್ತು, ತೆಗೆಸಲು ಯಾರೂ ಬರಲಿಲ್ಲ. ಆದ್ದರಿಂದ ಕಡಿದಾದ ಬಾಣೆಗೆ ಜೆಸಿಬಿ ಹತ್ತಲೇಬಾರದು. ಗದ್ದೆಯನ್ನೂ ಮುಟ್ಟಬಾರದು, ಮಳೆಗಾಲದಲ್ಲಿ ಅಲ್ಲಿ ನಿಂತ ನೀರೇ ಬೇಸಿಗೆಯ ಬಾವಿಗೆ ಬರುವುದು. ಇವೆರಡನ್ನೂ ಬಿಟ್ಟು, ನೆರಳಿನ ಮರಗಳನ್ನೂ ಉಳಿಸಿ, ಸಹಜವಾಗಿ ತೆರೆದಿರುವ ಜಾಗ ಎಷ್ಟಿದೆ ನೋಡಿ. 18 ಹೋಲ್‌ಗಳ ಪೂರ್ಣ ಮೈದಾನಕ್ಕೆ 50ರಿಂದ 60 ಹೆಕ್ಟೇರ್ ಬೇಕು, ಅಂದರೆ ನಿಮ್ಮ ಆಸ್ತಿಯೆಲ್ಲ. 18 ಹೋಲ್‌ ಬೇಡ ಎನ್ನಲು ನೀರಿನಷ್ಟೇ ದೊಡ್ಡ ಕಾರಣ ಇದು.

ಆಟದ ಮೇಲೆ ನನಗೆ ದ್ವೇಷವಿಲ್ಲ. ಮಡಿಕೇರಿ, ಬಿಟ್ಟಂಗಾಲ, ಪಾಲಿಬೆಟ್ಟಗಳಲ್ಲಿ ಗಾಲ್ಫ್ ಮೈದಾನಗಳಿವೆ, ಕೊಡಗಿಗೆ ಅದು ಹೊಸತಲ್ಲ.

ಊರಿನವರನ್ನು ಕೇಳಿದ್ದೀರಾ? ಕಾನೂನು ಅದನ್ನು ನಿಮ್ಮ ಪರವಾಗಿ ಮಾಡುವುದಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಕಟ್ಟಡ ಮತ್ತು ಪ್ರದೇಶಾಭಿವೃದ್ಧಿ ಯೋಜನೆಗಳಿಗೆ ಸಾರ್ವಜನಿಕ ವಿಚಾರಣೆಯಿಂದ ವಿನಾಯಿತಿ ಇದೆ. ಎಲ್ಲ ಅನುಮತಿ ಕೈಯಲ್ಲಿದೆ ಎಂದರೆ ಊರು ಒಪ್ಪಿದೆ ಎಂದರ್ಥವಲ್ಲ. ಮೆಕ್ಸಿಕೊದ ಟೆಪೋಸ್ಟ್ಲಾನ್ ಎಂಬ ಊರಿನಲ್ಲಿ ಜನರನ್ನು ಬದಿಗಿಟ್ಟು ಗಾಲ್ಫ್ ಯೋಜನೆ ತಂದಾಗ 1995ರಲ್ಲಿ ಊರಿಗೆ ಊರೇ ಎದ್ದು ನಿಂತಿತು. ಮರುವರ್ಷ ಒಬ್ಬ ಪ್ರತಿಭಟನಕಾರ ಕೊಲೆಯಾದ ಮೇಲೆ ಯೋಜನೆ ರದ್ದಾಯಿತು. ನೀವಾಗಿಯೇ ಗ್ರಾಮಸಭೆಗೆ ಹೋಗಿ. ದೇವರಕಾಡಿಗೆ, ಊರ ಹಬ್ಬದ ಮೈದಾನವಾದ ಮಂದ್‌ಗೆ ಹೋಗುವ ಹಳೆಯ ದಾರಿಗಳು ಬೇಲಿಯೊಳಗೆ ಸಿಕ್ಕಿಕೊಳ್ಳಬಾರದು. ಆನೆ ನಡೆಯುವ ದಾರಿಗೆ ಸೋಲಾರ್ ಬೇಲಿ ಹಾಕಿದರೆ ಆನೆ ಪಕ್ಕದ ತೋಟದ ಕಾರ್ಮಿಕರ ಲೈನ್ ಮನೆಗಳ ಕಡೆ ತಿರುಗುತ್ತದೆ. ಮುಂಜಾನೆ ಕೆಲಸಕ್ಕೆ ನಡೆದು ಹೋಗುವ ಯರವ ಬುಡಕಟ್ಟಿನ ಕಾರ್ಮಿಕರು ಎದುರಾಗುವುದು ಆ ಆನೆಗೇ. ನಿಮ್ಮ ತೋಟದ ಲೈನ್ ಮನೆಗಳಲ್ಲಿ ಈಗ ಇರುವ ಕುಟುಂಬಗಳಿಗೆ ಕಂಪನಿ ಯಾವ ಕೆಲಸ, ಎಲ್ಲಿ ಮನೆ ಕೊಡುತ್ತದೆ ಎಂಬುದು ಒಪ್ಪಂದದಲ್ಲೇ ಬರೆದಿರಲಿ. ಬಾಯಿಮಾತು ಸಾಲದು.

ಸಹಿಗೆ ಮುನ್ನ ಒಂದು ಬೇಸಿಗೆ ಕಾಯಿರಿ. ಜನವರಿಯಿಂದ ಮೇ ಕೊನೆಯವರೆಗೆ ವಾರಕ್ಕೊಮ್ಮೆ ನಿಮ್ಮ ಕೆರೆಯ, ಬಾವಿಯ ನೀರಿನ ಮಟ್ಟ ಅಳೆಯಿರಿ, ಕೆಳಗಿನ ಎರಡು ಮೂರು ಮನೆಗಳ ಬಾವಿಯದ್ದನ್ನೂ ಬರೆದಿಡಿ. ಪುಸ್ತಕದ ಒಂದು ಪ್ರತಿ ಪಂಚಾಯಿತಿಯಲ್ಲಿರಲಿ. ಆ ಅಂಕಿಗಳನ್ನು ಕಂಪನಿಯ ಎಂಜಿನಿಯರ್ ಮುಂದಿಟ್ಟು ನೀರು ಎಲ್ಲಿಂದ ತರುತ್ತೀರಿ ಎಂದು ಕೇಳಿ. ಮೈದಾನ ಬಂದರೂ ಕೊಳವೆಬಾವಿಗೆ ಮೀಟರ್ ಇರಬೇಕು, ಅದನ್ನು ಊರಿನ ಯಾರು ಬೇಕಾದರೂ ಬಂದು ಓದುವಂತಿರಬೇಕು, ಕೆಳಗಿನ ಬಾವಿ ಒಂದು ಮಟ್ಟಕ್ಕಿಂತ ಇಳಿದ ದಿನ ಹುಲ್ಲಿಗೆ ನೀರು ನಿಲ್ಲಬೇಕು. ಇದಕ್ಕೆ ಒಪ್ಪದವರ ಜೊತೆ ಜಾಗ ಬಾಡಿಗೆಗೆ ಕೊಡುವ ಮಾತೇ ಆಡಬೇಡಿ.