ಅವರು ಇನ್ನೂ ಗೇಟಿನ ಬಳಿ ಕಾರು ನಿಲ್ಲಿಸುತ್ತಿದ್ದಾರೆ

ಐರ್ಲೆಂಡಿನ ಪಶ್ಚಿಮ ಭಾಗದ ಮೇಯೋ ಕೌಂಟಿಯಿಂದ ಬಂದ ಪತ್ರವೊಂದನ್ನು ಓದಿದ ಮೇಲೆ, ಈ ವಾರಕ್ಕೆಂದು ತೆಗೆದಿಟ್ಟಿದ್ದ ಉಳಿದ ಪತ್ರಗಳನ್ನೆಲ್ಲ ಬದಿಗೆ ಸರಿಸಿ ಇದೊಂದಕ್ಕೇ ಉತ್ತರ ಬರೆಯಲು ಕುಳಿತಿದ್ದೇನೆ. ಬರೆದವರು ದಾವಣಗೆರೆಯ ಹೆಣ್ಣುಮಗಳು. ಪತಿ ಮತ್ತು ಹನ್ನೊಂದು ವರ್ಷದ ಮಗಳೊಂದಿಗೆ ಅಲ್ಲಿಯ ಸಣ್ಣ ಊರೊಂದರಲ್ಲಿ ನೆಲೆಸಿದ್ದಾರೆ. ಭಾನುವಾರ ಸಂಜೆಯಾದರೆ ಅವರ ಮನೆಯ ಪಡಸಾಲೆಯಲ್ಲಿ ಮೂವರು ಗಂಡಸರು ಸೇರುತ್ತಾರೆ. ಕಾಲೇಜು ದಿನಗಳಿಂದಲೂ ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ತಂಡವೆಂದರೆ ಪ್ರಾಣ ಬಿಡುವ ಪತಿ ಒಬ್ಬರು. ಗಾಲ್ಫ್ ಬಿಟ್ಟರೆ ಬೇರೆ ಆಟವೇ ಇಲ್ಲವೆನ್ನುವ, ಬೆಂಗಳೂರಿನ ಸಹೋದ್ಯೋಗಿ ಇನ್ನೊಬ್ಬರು. ಮೂರನೆಯವರು ಪತ್ನಿಯನ್ನು ಕಳೆದುಕೊಂಡು ಪಕ್ಕದ ಮನೆಯಲ್ಲಿ ಒಬ್ಬರೇ ಇರುವ, ಕೈ–ಕಾಲು ಎರಡನ್ನೂ ಬಳಸಿ ಆಡುವ ಐರ್ಲೆಂಡಿನ ದೇಶೀ ಆಟವಾದ ಗೇಲಿಕ್ ಫುಟ್‌ಬಾಲೇ ಸರ್ವಸ್ವವಾಗಿರುವ ಎಪ್ಪತ್ತೆರಡು ವರ್ಷದ ಹಿರಿಯರು. ಚಹಾ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಜೊತೆಗೆ ಶುರುವಾಗುವ ವಾದ ರಾತ್ರಿ ಊಟದ ಹೊತ್ತಿನವರೆಗೂ ನಡೆಯುತ್ತದೆಯಂತೆ.

2025ರ ಜುಲೈ 27ರ ಭಾನುವಾರ ಆ ವಾದ ಮುರಿದುಬಿತ್ತು. ಅಂದು ರಾಜಧಾನಿ ಡಬ್ಲಿನ್ನಿನ ಕ್ರೋಕ್ ಪಾರ್ಕ್ ಮೈದಾನದಲ್ಲಿ ಗೇಲಿಕ್ ಫುಟ್‌ಬಾಲಿನ ಅಖಿಲ ಐರ್ಲೆಂಡ್ ಫೈನಲ್. ಕೆರ್ರಿ ಕೌಂಟಿ ಡೊನಿಗಾಲ್ ಕೌಂಟಿಯನ್ನು ಸೋಲಿಸಿ ತನ್ನ 39ನೆಯ ಪ್ರಶಸ್ತಿಯನ್ನು ಗೆದ್ದಿತ್ತು. ಆ ವರ್ಷವಷ್ಟೇ ಬಂದ ಹೊಸ ನಿಯಮದ ಪ್ರಕಾರ ಗೋಲಿನಿಂದ ನಲವತ್ತು ಮೀಟರಿನ ಕಮಾನುಗೆರೆಯ ಆಚೆಯಿಂದ ಒದ್ದ ಚೆಂಡು ಅಡ್ಡಪಟ್ಟಿಯ ಮೇಲೆ ಹಾದರೆ ಒಂದರ ಬದಲು ಎರಡು ಪಾಯಿಂಟ್ ಸಿಗುತ್ತದೆ. ಇದರಿಂದ ಆಟವೇ ಕೆಟ್ಟಿತೆಂದು ಹಿರಿಯರು ಗೊಣಗುತ್ತಿದ್ದರು. ಕೇಳಿ ಕೇಳಿ ಸಾಕಾದ ಪತಿ, "ನಮ್ಮ ಲಿವರ್‌ಪೂಲ್ ಈ ವರ್ಷ ಇಪ್ಪತ್ತನೆಯ ಸಲ ಲೀಗ್ ಗೆದ್ದಿತು, ನಿಮ್ಮ ಮೇಯೋ 1951ರಿಂದ ಈಚೆಗೆ ಒಮ್ಮೆಯೂ ಗೆದ್ದಿಲ್ಲ. ಸಂಬಳವಿಲ್ಲದೆ ಆಡುವವರು ಗೆಲ್ಲುವುದಾದರೂ ಹೇಗೆ?" ಎಂದುಬಿಟ್ಟರು. ಗಾಲ್ಫ್ ಪ್ರಿಯ ಸಹೋದ್ಯೋಗಿ ಗಟ್ಟಿಯಾಗಿ ನಕ್ಕರು. ಹಿರಿಯರು ಅರ್ಧ ಕುಡಿದ ಚಹಾದ ಲೋಟವನ್ನು ಕೆಳಗಿಟ್ಟು, ಮನೆಯೊಡತಿಗೆ ವಂದನೆ ಹೇಳಿ ಎದ್ದು ಹೋದವರು ಮತ್ತೆ ಆ ಹೊಸ್ತಿಲು ತುಳಿದಿಲ್ಲ.

ಸೋದರಿಯ ಪ್ರಶ್ನೆಗಳು ಎರಡು. ಪತಿಯಿಂದ ಕ್ಷಮೆ ಕೇಳಿಸಲು ತಾವೇ ನಡುವೆ ನಿಂತು ಮಾತಾಡಬೇಕೇ, ಮತ್ತು ಇನ್ನು ಮುಂದೆ ಮನೆಯಲ್ಲಿ ಆಟದ ಮಾತನ್ನೇ ಆಡಬಾರದೆಂದು ಕಟ್ಟುಮಾಡಬಹುದೇ?

ಸೋದರಿ, ನಿಮ್ಮ ಎರಡು ಪ್ರಶ್ನೆಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಪತ್ರದ ಕೊನೆಯಲ್ಲಿ, ಸಹಿಯ ಮೇಲೆ, ನೀವು ಸುಮ್ಮನೆ ಹೇಳಿಬಿಟ್ಟ ಒಂದು ಮಾತು. "ಮಗಳನ್ನು ಮಾತ್ರ ಈಗಲೂ ಬುಧವಾರ, ಶನಿವಾರ ತಮ್ಮ ಮೊಮ್ಮಗಳ ಜೊತೆ ಗೇಲಿಕ್ ಫುಟ್‌ಬಾಲ್ ಪ್ರಾಕ್ಟೀಸಿಗೆ ಅವರೇ ಕರೆದೊಯ್ಯುತ್ತಾರೆ; ಒಳಗೆ ಬರುವುದಿಲ್ಲ, ಗೇಟಿನ ಬಳಿ ಕಾರು ನಿಲ್ಲಿಸಿ ಕಾಯುತ್ತಾರೆ" ಎಂದು ಬರೆದಿದ್ದೀರಿ. ಇಡೀ ಪತ್ರದ ತಿರುಳು ಇಲ್ಲಿದೆ. ಅವಮಾನವಾದ ಮೇಲೂ ಆ ಮನುಷ್ಯ ನಿಮ್ಮ ಮಗಳ ಒಂದೇ ಒಂದು ಪ್ರಾಕ್ಟೀಸನ್ನೂ ತಪ್ಪಿಸಿಲ್ಲ. ಎರಡು ವರ್ಷಗಳಿಂದ ಹೀಗೆ ಕರೆದೊಯ್ಯುತ್ತಿದ್ದಾರೆಂದೂ ನೀವೇ ಬರೆದಿದ್ದೀರಿ. ಈ ಎರಡು ವರ್ಷಗಳಲ್ಲಿ ಮಗುವಿನ ತಂದೆ ಆ ಮೈದಾನಕ್ಕೆ ಎಷ್ಟು ಸಲ ಹೋಗಿದ್ದಾರೆ ಎಂಬುದರ ಬಗ್ಗೆ ನಿಮ್ಮ ನಾಲ್ಕು ಪುಟಗಳ ಪತ್ರದಲ್ಲಿ ಒಂದು ಸಾಲೂ ಇಲ್ಲ. ಒಮ್ಮೆಯಾದರೂ ಹೋಗಿದ್ದರೆ ನೀವು ಬರೆಯದೆ ಇರುತ್ತಿರಲಿಲ್ಲ.

ಮೊದಲು ಗೊಣಗಾಟದ ಮಾತು. ಅಭಿಮಾನಿಗಳ ಗೊಣಗಾಟವನ್ನು ರೋಗವೆಂದು ತಿಳಿಯುವವರ ಸಾಲಿಗೆ ನಾನು ಸೇರಿದವಳಲ್ಲ. ನಿಮ್ಮ ಯಜಮಾನರು ರೆಫರಿಯ ತೀರ್ಪಿಗೆ ಬೈಯುವುದು, ಅವರ ಸಹೋದ್ಯೋಗಿ ತಮ್ಮ ನೆಚ್ಚಿನ ರೋರಿ ಮೆಕಿಲ್ರಾಯ್ ಏಪ್ರಿಲ್‌ನಲ್ಲಿ ಅಮೆರಿಕದ ಮಾಸ್ಟರ್ಸ್ ಗಾಲ್ಫ್ ಪಂದ್ಯಾವಳಿ ಗೆದ್ದರೂ ಜುಲೈನಲ್ಲಿ ತವರು ನೆಲದ ಪೋರ್ಟ್‌ರಶ್‌ನಲ್ಲಿ ಬ್ರಿಟಿಷ್ ಓಪನ್ ಗೆಲ್ಲಲಿಲ್ಲವೆಂದು ಕೊರಗುವುದು, ಹಿರಿಯರು ಹೊಸ ನಿಯಮವನ್ನು ಶಪಿಸುವುದು, ಇವೆಲ್ಲ ಮನೆಯ ಕಷ್ಟಸುಖವನ್ನು ನೇರವಾಗಿ ಹೇಳಿಕೊಳ್ಳಲು ಬಾರದ ಗಂಡಸರು ಒಬ್ಬರ ಜೊತೆ ಒಬ್ಬರು ಕೂರಲು ಕಂಡುಕೊಂಡಿರುವ ದಾರಿ. ಒಂಟಿ ಮನೆಯ ಹಿರಿಯರೊಬ್ಬರಿಗೆ ವಾರಕ್ಕೊಮ್ಮೆ ಗೊಣಗಲು ಒಂದು ಪಡಸಾಲೆ, ಕೇಳಲು ಎರಡು ಜೋಡಿ ಕಿವಿ ಇದ್ದವು. ಆಟದ ಮಾತನ್ನು ನಿಷೇಧಿಸಿದರೆ ಆ ಮೂವರ ನಡುವೆ ಉಳಿಯುವುದು ಹವಾಮಾನದ ಮಾತು ಮಾತ್ರ. ಮನೆಯಲ್ಲಿ ಯಾವ ಮಾತಿಗೂ ಬೀಗ ಹಾಕಬಾರದೆಂದು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ. ಅತ್ತೆ–ಸೊಸೆಯರ ವಿಷಯದಲ್ಲಿ ಬರೆದದ್ದು ಇಲ್ಲಿಗೂ ಸಲ್ಲುತ್ತದೆ.

ನಿಷೇಧದಿಂದ ಏನೂ ಆಗುವುದಿಲ್ಲ ಎಂಬುದಕ್ಕೆ ಆ ದೇಶದ ಚರಿತ್ರೆಯೇ ಸಾಕ್ಷಿ. 1884ರಲ್ಲಿ ಥರ್ಲಸ್ ಎಂಬ ಊರಿನ ಹೋಟೆಲೊಂದರಲ್ಲಿ ಹುಟ್ಟಿದ ಗೇಲಿಕ್ ಕ್ರೀಡಾ ಸಂಘ, ತನ್ನ ಸದಸ್ಯರು ಫುಟ್‌ಬಾಲ್, ರಗ್ಬಿಯಂಥ ಪರದೇಶದ ಆಟಗಳನ್ನು ಆಡುವುದನ್ನೂ ನೋಡುವುದನ್ನೂ ದಶಕಗಳ ಕಾಲ ನಿಷೇಧಿಸಿತ್ತು. 1938ರಲ್ಲಿ ಆ ದೇಶದ ಮೊದಲ ರಾಷ್ಟ್ರಾಧ್ಯಕ್ಷರಾದ ಡಗ್ಲಸ್ ಹೈಡ್ ಅವರು ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯವೊಂದನ್ನು ನೋಡಲು ಹೋದರೆಂಬ ಒಂದೇ ಕಾರಣಕ್ಕೆ ಸಂಘದ ಪೋಷಕ ಸ್ಥಾನದಿಂದ ಅವರನ್ನು ತೆಗೆದುಹಾಕಲಾಯಿತು. ಆ ನಿಷೇಧ 1971ರಲ್ಲಿ ರದ್ದಾಯಿತು. ಇಂದು ರಾಸ್ಕಾಮನ್ ಪಟ್ಟಣದ ಗೇಲಿಕ್ ಮೈದಾನಕ್ಕೇ ಹೈಡ್ ಅವರ ಹೆಸರಿದೆ. 2025ರ ಜೂನ್‌ನಲ್ಲಿ ಮೇಯೋ ತಂಡ ಡೊನಿಗಾಲ್ ಎದುರು ಒಂದೇ ಒಂದು ಪಾಯಿಂಟಿನಿಂದ ಸೋತು ಆ ವರ್ಷದ ಸ್ಪರ್ಧೆಯಿಂದ ಹೊರಬಿದ್ದದ್ದು ಅದೇ ಮೈದಾನದಲ್ಲಿ. ಜುಲೈ 27ರಂದು ನಿಮ್ಮ ಟೀವಿಯ ಮುಂದೆ ಹಿರಿಯರು ನೋಡುತ್ತಿದ್ದುದು, ತಮ್ಮ ತಂಡವನ್ನು ಹೊರಗೆ ಕಳುಹಿಸಿದ ಆ ಡೊನಿಗಾಲಿನ ಫೈನಲ್ಲನ್ನು. ಅವರು ಎರಡು ಪಾಯಿಂಟಿನ ನಿಯಮದ ಬಗ್ಗೆ ಗೊಣಗುತ್ತಿದ್ದರೆಂದು ನಿಮ್ಮ ಯಜಮಾನರಿಗೆ ಅನ್ನಿಸಿತು. ಅವರು ಮೇಯೋದ ಬಗ್ಗೆ ಮಾತನಾಡುತ್ತಿದ್ದರೆಂದು ನನಗೆ ಅನ್ನಿಸುತ್ತದೆ.

1951 ಎಂಬ ಇಸವಿಯನ್ನು ಮೇಯೋದವರ ಮುಖಕ್ಕೆ ಎಸೆಯಬಾರದು. ನಿಮ್ಮ ಹಿರಿಯರ ವಯಸ್ಸು ಎಪ್ಪತ್ತೆರಡು. ಅಂದರೆ ಅವರು ಹುಟ್ಟಿದ್ದೇ ಆ ಗೆಲುವಿನ ಎರಡು ವರ್ಷಗಳ ಅನಂತರ. ತಂದೆ ಹೇಳಿದ್ದನ್ನು ಕೇಳಿದ್ದಾರೆಯೇ ಹೊರತು ತಾವಾಗಿ ಒಮ್ಮೆಯೂ ಕಂಡಿಲ್ಲ. 1989ರಿಂದ 2021ರವರೆಗೆ ಮೇಯೋ ಹನ್ನೊಂದು ಫೈನಲ್‌ಗಳನ್ನು ಸೋತಿದೆ. 2013, 2016 ಮತ್ತು 2017ರಲ್ಲಿ ಮೂರು ಸಲವೂ ಎದುರಾಳಿ ಡಬ್ಲಿನ್, ಮೂರು ಸಲವೂ ಅಂತರ ಒಂದೇ ಪಾಯಿಂಟ್. 2016ರಲ್ಲಂತೂ ಮೊದಲ ಪಂದ್ಯ ಸಮವಾಯಿತು, ಆ ಪಂದ್ಯದಲ್ಲಿ ಡಬ್ಲಿನ್ನಿಗೆ ಸಿಕ್ಕ ಎರಡು ಗೋಲುಗಳೂ ಮೇಯೋ ಆಟಗಾರರಿಗೆ ತಾಗಿ ತಮ್ಮದೇ ಬಲೆಗೆ ಹೋದವು, ಆಮೇಲೆ ಮರುಪಂದ್ಯದಲ್ಲಿ ಆ ಒಂದು ಪಾಯಿಂಟಿನ ಸೋಲು. ಇಷ್ಟಾದರೂ ಹಸಿರು–ಕೆಂಪು ಜರ್ಸಿ ತೊಟ್ಟು ಮತ್ತೆ ಮತ್ತೆ ಡಬ್ಲಿನ್ನಿಗೆ ಹೋಗಿಬರುವ ಜನರವರು. ಕೌಂಟಿಯೆಂದರೆ ನಮ್ಮ ಜಿಲ್ಲೆಯ ಹಾಗೆ. ದುಡ್ಡು ಕೊಟ್ಟು ಹೊರಗಿನ ಆಟಗಾರನನ್ನು ತರಿಸುವ ವ್ಯವಸ್ಥೆ ಅಲ್ಲಿಲ್ಲ, ಇರುವ ಮಕ್ಕಳನ್ನೇ ಬೆಳೆಸಿಕೊಳ್ಳಬೇಕು. ಹಾಗೆ ಮಕ್ಕಳನ್ನು ಬೆಳೆಸುವ ಕೆಲಸವನ್ನು ಬುಧವಾರ, ಶನಿವಾರ ಮಾಡುತ್ತಿರುವವರು ನಿಮ್ಮ ಗೇಟಿನ ಬಳಿ ಕಾರು ನಿಲ್ಲಿಸುವ ಮನುಷ್ಯ. ಸಂಬಳವಿಲ್ಲದೆ ಆಡುವವರೆಂದು ನಿಮ್ಮ ಯಜಮಾನರು ಹೀಯಾಳಿಸಿದಾಗ ಅದು ತಾಗಿದ್ದು ಕ್ರೋಕ್ ಪಾರ್ಕಿನ ಆಟಗಾರರಿಗಲ್ಲ. ಸಂಬಳವಿಲ್ಲದೆ ತಮ್ಮ ಪೆಟ್ರೋಲು ಸುಟ್ಟು ಇವರ ಮಗಳನ್ನು ಮೈದಾನ ಮುಟ್ಟಿಸುತ್ತಿದ್ದವರಿಗೆ.

ನಿಮ್ಮ ಯಜಮಾನರ ಮೇಲೆ ನನಗೆ ಸಿಟ್ಟಿರುವಷ್ಟೇ ಮರುಕವೂ ಇದೆ. 2005ರ ಮೇ ತಿಂಗಳ ಆ ಇಸ್ತಾಂಬುಲ್ ಫೈನಲ್ಲನ್ನು, ಯುರೋಪಿನ ಚಾಂಪಿಯನ್ಸ್ ಲೀಗಿನ ಕೊನೆಯ ಪಂದ್ಯವನ್ನು, ಹಾಸ್ಟೆಲಿನ ಟೀವಿಯಲ್ಲಿ ನಡುರಾತ್ರಿ ನೋಡಿದ್ದನ್ನು ಅವರು ಇಂದಿಗೂ ಹೇಳುತ್ತಾರೆಂದು ಬರೆದಿದ್ದೀರಿ. ಅರ್ಧ ಆಟ ಮುಗಿದಾಗ ಮೂರು ಗೋಲು ಹಿಂದಿದ್ದ ಲಿವರ್‌ಪೂಲ್ ಸಮಮಾಡಿಕೊಂಡು ಪೆನಾಲ್ಟಿಯಲ್ಲಿ ಗೆದ್ದ ರಾತ್ರಿ ಅದು. ಊರು ಬಿಟ್ಟು, ನಂಟರನ್ನು ಬಿಟ್ಟು ಪರದೇಶಕ್ಕೆ ಬಂದವರಿಗೆ ಆ ತಂಡವೊಂದೇ ಹಳೆಯ ದಿನಗಳಿಂದ ಜೊತೆಗೆ ಬಂದದ್ದು. ಅದನ್ನು ಎತ್ತಿ ಆಡಿಕೊಳ್ಳುವುದರಲ್ಲಿ ಅವರಿಗೆ ಸಿಗುವ ಧೈರ್ಯ ನನಗೆ ಅರ್ಥವಾಗುತ್ತದೆ. ಆದರೆ ಅದೇ ಲಿವರ್‌ಪೂಲ್ 1990ರಲ್ಲಿ ಲೀಗ್ ಗೆದ್ದ ಮೇಲೆ ಮತ್ತೆ ಗೆದ್ದದ್ದು 2020ರಲ್ಲಿ. ಮೂವತ್ತು ವರ್ಷ. ಆ ವರ್ಷಗಳಲ್ಲಿ ಎದುರು ತಂಡದವರ ಹಂಗಿಸುವ ಮಾತನ್ನು ಹಾಸ್ಟೆಲಿನಲ್ಲೂ ಆಫೀಸಿನಲ್ಲೂ ಕೇಳಿ ನುಂಗಿಕೊಂಡವರು ಅವರೇ. ಕಾಯುವುದೆಂದರೇನೆಂದು ಆ ಪಡಸಾಲೆಯಲ್ಲಿ ಹಿರಿಯರನ್ನು ಬಿಟ್ಟರೆ ಬಲ್ಲವರು ಅವರೊಬ್ಬರೇ ಆಗಿದ್ದರು.

ಇನ್ನೊಂದು ವಿಷಯವನ್ನು ನೀವೂ ಗಮನಿಸಿಲ್ಲ. ಮೇಯೋ 1951ರಿಂದ ಗೆದ್ದಿಲ್ಲ ಎನ್ನುವುದು ಗಂಡಸರ ತಂಡದ ಮಾತು. ಮೇಯೋದ ಹೆಂಗಸರ ತಂಡ 1999, 2000, 2002 ಮತ್ತು 2003ರಲ್ಲಿ ನಾಲ್ಕು ಸಲ ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದಿದೆ; ಆ ತಂಡದ ಕೋರಾ ಸ್ಟಾಂಟನ್ ಆಮೇಲೆ ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿಯ ಫುಟ್‌ಬಾಲ್ ಲೀಗಿನಲ್ಲೂ ಹೆಸರು ಮಾಡಿದವರು. ಮೇಯೋದಲ್ಲೇ ಆಡುತ್ತಿರುವ ಹೆಣ್ಣುಮಗುವಿನ ತಂದೆ ಆಡಿದ ಮಾತಿನಲ್ಲಿ ಆ ಹೆಂಗಸರಿಗೆ ಜಾಗವಿರಲಿಲ್ಲ. ಮಗಳು ಅಂದು ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳೆಂದು ನೀವು ಬರೆದಿದ್ದೀರಿ. ಹಿತ್ತಲಿನಲ್ಲಿ ದಿನವೂ ಚೆಂಡನ್ನು ಕಾಲ್ಬೆರಳ ಮೇಲೆ ಬೀಳಿಸಿ ಪುಟಿಸಿ ಕೈಗೆ ಹಿಡಿಯುತ್ತ, ನಾಲ್ಕು ಹೆಜ್ಜೆ ಓಡಿ ಮತ್ತೆ ಪುಟಿಸುತ್ತ, ಕತ್ತಲಾಗುವವರೆಗೂ ಅದನ್ನೇ ಮಾಡುತ್ತಾಳೆಂದೂ ಬರೆದಿದ್ದೀರಿ. ಗೇಲಿಕ್ ಫುಟ್‌ಬಾಲಿನಲ್ಲಿ ನಾಲ್ಕು ಹೆಜ್ಜೆಗಿಂತ ಹೆಚ್ಚು ಚೆಂಡು ಹಿಡಿದು ಓಡುವಂತಿಲ್ಲ. ನೆಲಕ್ಕೊಮ್ಮೆ ಪುಟಿಸಿದ ಮೇಲೆ ಮುಂದಿನದು ಕಾಲಿನಿಂದಲೇ ಆಗಬೇಕು. ಅದನ್ನು ಕಲಿಯಲು ತಿಂಗಳುಗಟ್ಟಲೆ ಯಾರಾದರೂ ಎದುರು ನಿಂತು ತಾಳ್ಮೆಯಿಂದ ನೋಡಬೇಕು. ಯಾರು ನೋಡಿದರೆಂದು ಬೇರೆ ಹೇಳಬೇಕಿಲ್ಲ.

ಗಾಲ್ಫ್ ಪ್ರಿಯ ಸಹೋದ್ಯೋಗಿಯ ಬಗ್ಗೆ ನೀವು ತೀರ ಮೃದುವಾಗಿ ಬರೆದಿದ್ದೀರಿ; ನನಗೆ ಹಾಗೆ ಬರೆಯಲು ಮನಸ್ಸಿಲ್ಲ. ಇಬ್ಬರು ಬಿಸಿಯಾಗಿ ವಾದಿಸುವಾಗ ಒಂದು ಒರಟು ಮಾತು ಜಾರುವುದು ಸಹಜ, ಅದು ಅಲ್ಲೇ ಆರಿಯೂ ಹೋಗಬಹುದಿತ್ತು. ಮೂರನೆಯವರೊಬ್ಬರು ನಕ್ಕಾಗಲೇ ಅದು ಅವಮಾನವಾಯಿತು. ಅವರು ಕೊಂಡಾಡುವ ಗಾಲ್ಫ್ ಆಟಗಾರ ಶೇನ್ ಲೌರಿ, 2019ರಲ್ಲಿ ಪೋರ್ಟ್‌ರಶ್‌ನಲ್ಲಿ ಓಪನ್ ಗೆದ್ದವರು, ಗೇಲಿಕ್ ಫುಟ್‌ಬಾಲಿನ ಮನೆಯಲ್ಲೇ ಹುಟ್ಟಿದವರು. 1982ರ ಫೈನಲ್‌ನಲ್ಲಿ ಕೆರ್ರಿಯ ಸತತ ಐದನೆಯ ಗೆಲುವನ್ನು ತಡೆದ ಆಫಲಿ ಕೌಂಟಿಯ ತಂಡದಲ್ಲಿ ಅವರ ತಂದೆ ಬ್ರೆಂಡನ್ ಲೌರಿ ಆಡಿದ್ದರು, ಸಂಬಳವಿಲ್ಲದೆ. ಆ ನಾಡಿನಲ್ಲಿ ಒಂದು ಆಟವನ್ನು ಇನ್ನೊಂದರಿಂದ ಬೇರ್ಪಡಿಸಿ ಹೀಗಳೆಯುವುದು ಹೊರಗಿನಿಂದ ಬಂದು ಏನನ್ನೂ ವಿಚಾರಿಸದೆ ಕೂತವರಿಗೆ ಮಾತ್ರ ಸಾಧ್ಯ. ಕೆಲವು ಭಾನುವಾರಗಳ ಮಟ್ಟಿಗೆ ಆ ಸಹೋದ್ಯೋಗಿಯನ್ನು ಚಹಾಕ್ಕೆ ಕರೆಯಬೇಡಿ. ಕಾರಣ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಇನ್ನು ನಿಮ್ಮ ಬಗ್ಗೆ. ಗಂಡನ ಪರವಾಗಿ ಕ್ಷಮೆ ಕೇಳಲು ಬಜ್ಜಿಯ ತಟ್ಟೆ ಹಿಡಿದು ಪಕ್ಕದ ಮನೆಗೆ ಹೋಗುವ ಯೋಚನೆಯನ್ನು ಬಿಟ್ಟುಬಿಡಿ. ಹೆಂಡತಿಯರು ಗಂಡಂದಿರ ರಾಯಭಾರಿಗಳಾಗುವುದನ್ನು ನಾನು ಯಾವತ್ತೂ ಒಪ್ಪಿದವಳಲ್ಲ. ನೀವು ಹೋದರೆ ಹಿರಿಯರು ಸೌಜನ್ಯದಿಂದ ಪರವಾಗಿಲ್ಲವೆನ್ನುತ್ತಾರೆ, ನಿಮ್ಮ ಯಜಮಾನರು ತಮ್ಮ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ, ಮೈದಾನಕ್ಕೆ ಮಾತ್ರ ಹೋಗುವುದಿಲ್ಲ. ಪತಿಯ ಬಾಯಿಂದ ಒತ್ತಾಯದ ಕ್ಷಮೆಯನ್ನೂ ಹೇಳಿಸಬೇಡಿ. ತಂಡದ ಬಗ್ಗೆ ಗೊಣಗುವ ಹಕ್ಕು ಮಳೆಯಲ್ಲಿ ಮೈದಾನದ ಅಂಚಿನಲ್ಲಿ ನಿಂತವರಿಗೆ ಸೇರಿದ್ದೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಆ ಹಕ್ಕನ್ನು ಅವರು ಸಂಪಾದಿಸಿಕೊಳ್ಳಲಿ.

ಆದ್ದರಿಂದ ಒಂದೇ ಒಂದು ಕೆಲಸ ಹೇಳುತ್ತೇನೆ. ಬರುವ ಬುಧವಾರ ನಿಮ್ಮ ಯಜಮಾನರು ಆಫೀಸಿನಿಂದ ಬೇಗ ಬಂದು, ಗೇಟಿನ ಬಳಿ ಕಾರು ನಿಂತಾಗ ಮಗಳ ಜೊತೆ ತಾವೂ ಹೊರಗೆ ಹೋಗಿ, "ಇವತ್ತು ನಾನೂ ಬರಬಹುದೇ?" ಎಂದು ಕೇಳಿ ಅದೇ ಕಾರಿನಲ್ಲಿ ಕೂರಬೇಕು. ತಮ್ಮ ಕಾರಿನಲ್ಲಿ ಹಿಂದೆ ಹೋಗುವುದು ಬೇಡ. ಪ್ರಾಕ್ಟೀಸು ಮುಗಿಯುವವರೆಗೂ ಹಿರಿಯರ ಪಕ್ಕದಲ್ಲಿ ನಿಂತು ಮಗಳ ಆಟ ನೋಡಬೇಕು, ಮೊಬೈಲು ಜೇಬಿನಲ್ಲೇ ಇರಬೇಕು, ಲಿವರ್‌ಪೂಲಿನ ಹೆಸರು ಎತ್ತಬಾರದು. ಎರಡು ಪಾಯಿಂಟಿನ ನಿಯಮದ ಬಗ್ಗೆ ಹಿರಿಯರು ಮಾತು ತೆಗೆದರೆ ಪೂರ್ತಿ ಕೇಳಬೇಕು; ತೆಗೆಯದಿದ್ದರೆ ತಾವೇ ಕೇಳಬೇಕು. ಜುಲೈ 27ರ ಮಾತಿಗೆ ತಪ್ಪಾಯಿತೆನ್ನುವುದು ಅಲ್ಲಿ ತಾನಾಗಿ ಬಾಯಿಗೆ ಬಂದರೆ ಹೇಳಲಿ, ಬರದಿದ್ದರೆ ಮುಂದಿನ ಶನಿವಾರವೂ ಹೋಗಲಿ. ಮಳೆಯಿದ್ದರೆ ರೇನ್‌ಕೋಟು ಹಾಕಿಕೊಂಡು ಹೋಗಲಿ. ಆ ಕೌಂಟಿಯಲ್ಲಿ ಮಳೆಗೆ ಹೆದರಿ ಯಾರೂ ಪ್ರಾಕ್ಟೀಸು ನಿಲ್ಲಿಸುವುದಿಲ್ಲ.