ಅಕ್ಕೋರನ್ನ ಕೇಳ್ರಿ: ಬ್ಯಾಸಿಗಿ ರಜೆಯ ತರಬೇತಿ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ತರಬೇತಿಯ ಮೇಲಿನವೇ. ಏಪ್ರಿಲ್ 11ಕ್ಕೆ ಶಾಲೆ ಬಿಟ್ಟು ಮೇ 29ಕ್ಕೆ ಮತ್ತೆ ಬಾಗಿಲು ತೆಗೆಯುವುದರೊಳಗೆ ಶಿಕ್ಷಕರ ಮನೆಗಳಲ್ಲಿ ನಡೆಯುವ ಜಗಳಗಳೆಲ್ಲ ಇದರ ಸುತ್ತಲೇ ಇದ್ದಂತಿವೆ. ನಾಲ್ಕಕ್ಕೆ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಅಕ್ಕೋರೇ, ಸವಣೂರು ತಾಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಸೇವೆಗೆ ಸೇರಿ ಹನ್ನೊಂದು ವರ್ಷ. ಮೇ ತಿಂಗಳಲ್ಲಿ ಐದು ದಿನದ ತರಬೇತಿಗೆ ಹೋಗಿದ್ದೆ. ಒಂದು ಕೋಣೆ, ಅರವತ್ತು ಮಂದಿ, ಎರಡು ಫ್ಯಾನು. ಅದರಲ್ಲೊಂದು ಬರೇ ಸಪ್ಪಳ ಮಾಡುವಂಥದ್ದು. ನಲವತ್ತು ಪುಟ ಬರೆದುಕೊಂಡೆ. ಶಾಲೆ ಶುರುವಾದ ಮೇಲೆ ದಾಖಲಾತಿ, ಸೇತುಬಂಧ (ಹಿಂದಿನ ವರ್ಷದ ಪಾಠದ ಮರುಕಲಿಕೆ), ಬಿಸಿಯೂಟ ಅಂತ ಓಡಾಡಿ, ಜುಲೈನಲ್ಲಿ ಆ ನೋಟ್‌ಬುಕ್ ತೆಗೆದರೆ ನಾನು ಬರೆದದ್ದು ನನಗೇ ತಿಳಿಯಲಿಲ್ಲ. ಪ್ರತಿ ವರ್ಷ ಇದೇ ಹಾಡು. ತಪ್ಪು ನನ್ನದೋ, ತರಬೇತಿಯದೋ?

ಉತ್ತರ: ತಂಗೀ, ನಾನೂ ಹದಿನಾಲ್ಕು ವರ್ಷ ಸಂಪನ್ಮೂಲ ವ್ಯಕ್ತಿಯ, ಅಂದರೆ ತರಬೇತಿ ಕೊಡುವವರ, ಬ್ಯಾಡ್ಜ್ ಸಿಕ್ಕಿಸಿಕೊಂಡು ನಿಂತವಳು. ತಪ್ಪಿನಲ್ಲಿ ದೊಡ್ಡ ಪಾಲು ನಮ್ಮದು.

ಒಂದು ಬ್ಯಾಸಿಗೆಯಲ್ಲಿ ಭಾಗಾಕಾರದ ಮೇಲೆ ತರಬೇತಿ ಕೊಟ್ಟೆ. ಹಾಡು, ಕುಣಿತ, ಚಪ್ಪಾಳೆ, ನಡುವೆ ಗಿರಮಿಟ್ಟು, ಚಹಾ. ಎಲ್ಲರೂ ಖುಷಿ, ನಾನಂತೂ ಬಹಳ ಖುಷಿ. ಮರುವರ್ಷ ಕಲಘಟಗಿ ಕಡೆಯ ಒಂದು ಶಾಲೆಗೆ ಹೋದಾಗ ಅಲ್ಲಿನ ಮಾಸ್ತರು ಓಡಿ ಬಂದು, "ಅಕ್ಕೋರ, ನಿಮ್ಮ ಹಾಡು ಇನ್ನೂ ನೆನಪೈತ್ರಿ" ಅಂದರು. ಮಕ್ಕಳ ಕಡೆಯಿಂದ ಹಾಡಿಸಿಯೂ ತೋರಿಸಿದರು. ಆಮೇಲೆ ಹಲಗೆಯ ಮೇಲೆ 84 ಭಾಗಿಸು 4 ಬರೆದೆ. ಇಡೀ ವರ್ಗದಲ್ಲಿ ಒಂದು ಕೈ ಮೇಲೇಳಲಿಲ್ಲ. ಆ ದಿನ ಬಸ್ಸಿನಲ್ಲಿ ಧಾರವಾಡ ಮುಟ್ಟುವತನಕ ನಾನು ಯಾರ ಜೊತೆಗೂ ಮಾತಾಡಲಿಲ್ಲ. ನಾನು ಕಲಿಸಿದ್ದು ಹಾಡು, ಭಾಗಾಕಾರ ಅಲ್ಲ.

ನಮ್ಮ ತರಬೇತಿ ಇಳಿದು ಬರುವ ದಾರಿ ನಿಮಗೂ ಗೊತ್ತು. ರಾಜ್ಯದಲ್ಲಿ ಕೆಲವರಿಗೆ, ಅವರಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ. ಮಲಪ್ರಭೆ ಕಾಲುವೆಯ ಕೊನೆಯ ಹೊಲಕ್ಕೆ ಎಷ್ಟು ನೀರು ಮುಟ್ಟುತ್ತದೆ ಎಂದು ನವಲಗುಂದ, ನರಗುಂದದ ರೈತರನ್ನು ಕೇಳಿದರೆ ನಿಮ್ಮ ಐದು ದಿನದ ಲೆಕ್ಕವೂ ಸಿಗುತ್ತದೆ. ನಲಿ-ಕಲಿಯನ್ನೇ ನೋಡಿ, ಚಿಕ್ಕ ವರ್ಗದ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಿಕ್ಷಣ ಸಂಸ್ಥೆಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳ ನಡುವೆ ಕೂತು ನೋಡಿ ಬಂದು, ತಮ್ಮ ಕಾರ್ಡುಗಳನ್ನು ತಾವೇ ಮಾಡಿಕೊಂಡರು. 2009-10ರಲ್ಲಿ ಅದು ರಾಜ್ಯಕ್ಕೆಲ್ಲ ಬಂದಾಗ ನಮ್ಮ ಕೈಗೆ ಸಿಕ್ಕಿದ್ದು ಅಚ್ಚಾದ ಕಾರ್ಡುಗಳ ಪೆಟ್ಟಿಗೆ. ಪೆಟ್ಟಿಗೆ ಬಂತು, ಕೂತು ನೋಡುವುದು ಬರಲಿಲ್ಲ. ಅಮೆರಿಕದ ಶಿಕ್ಷಣ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಲ್ಲಿಯೇ ಇದನ್ನು ಹೇಳಿದ್ದರು: ಕೇಳಿದ್ದು, ನೋಡಿದ್ದು ವರ್ಗಕೋಣೆಯೊಳಗೆ ಇಳಿಯಬೇಕಾದರೆ, ಆಮೇಲೆ ಅಲ್ಲೇ ಪಕ್ಕದಲ್ಲಿ ನಿಂತು ತಿದ್ದುವವರು ಒಬ್ಬರು ಬೇಕು.

ಹಾಗಾದರೆ ನೀವೇನು ಮಾಡಬೇಕು? ನಲವತ್ತು ಪುಟ ಬರೆಯುವುದನ್ನು ಮೊದಲು ಬಿಡಿ. ಐದು ದಿನಕ್ಕೆ ಒಂದೇ ಸಂಗತಿ ಹಿಡಿದುಕೊಳ್ಳಿ, ಅದನ್ನು ಜೂನ್‌ನಲ್ಲಿ ಯಾವ ವರ್ಗಕ್ಕೆ, ಯಾವ ವಾರ ಮಾಡುತ್ತೀರಿ ಅಂತ ಅಲ್ಲೇ ಬರೆದಿಡಿ. ಭಿನ್ನರಾಶಿಯನ್ನೇ ತಗೊಳ್ಳೋಣ. 1/2 + 1/3 ಕೊಟ್ಟರೆ ಮಕ್ಕಳು ಮೇಲಿನದು ಮೇಲಿನದಕ್ಕೆ, ಕೆಳಗಿನದು ಕೆಳಗಿನದಕ್ಕೆ ಕೂಡಿಸಿ 2/5 ಅನ್ನುತ್ತಾರೆ. ತರಬೇತಿಯಲ್ಲಿ ನಾವು ಇದಕ್ಕೆ ಯಾವಾಗಲೂ ಜೋಳದ ರೊಟ್ಟಿ ತರುತ್ತಿದ್ದೆವು. (ಊಟಕ್ಕೆ ಬಹಳ ಚಲೋ, ಭಿನ್ನರಾಶಿಗೆ ಅಷ್ಟಕ್ಕಷ್ಟೆ. ದುಂಡಗಿನ ರೊಟ್ಟಿಯನ್ನು ಮೂರು ಸಮಪಾಲು ಮುರಿಯುವುದು ಬಡಿದವಳಿಗೂ ಆಗುವುದಿಲ್ಲ.) ಅದರ ಬದಲು 24 ಸೆಂಟಿಮೀಟರ್ ಉದ್ದದ ಕಾಗದದ ಪಟ್ಟಿ ಕತ್ತರಿಸಿ ಪ್ರತಿ ಮಗುವಿಗೂ ಕೊಡಿ. ಅರ್ಧ 12, ಮೂರನೇ ಒಂದು 8, ನಾಲ್ಕನೇ ಒಂದು 6, ಆರನೇ ಒಂದು 4, ಎಂಟನೇ ಒಂದು 3. ಎಲ್ಲವೂ ಪೂರ್ಣ ಸಂಖ್ಯೆ, ಸ್ಕೇಲಿನಲ್ಲಿ ಅಳೆದರೆ ಮುಗಿಯಿತು. ಎಂಟು ದೊಡ್ಡದು, ಆದ್ದರಿಂದ 1/8 ದೊಡ್ಡದು ಅನ್ನುವ ಹುಡುಗನ ಕೈಯಲ್ಲಿ ಆ ಮೂರು ಸೆಂಟಿಮೀಟರಿನ ತುಂಡೇ ಜವಾಬು ಕೊಡುತ್ತದೆ. ಈಗ 12ರ ತುಂಡಿಗೆ 8ರ ತುಂಡು ಜೋಡಿಸಿ. 20 ಆಯಿತು. ಮಗು ಹೇಳಿದ 2/5 ಎಂದರೆ 9.6, ಅರ್ಧಕ್ಕಿಂತಲೂ ಕಡಿಮೆ! ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಹೆಂಗಾತು ಅಂತ ಅವರೇ ಜಗಳ ಮಾಡಲಿ.

ನಾನು ಮೊದಲ ಸಲ ಮಾಡಿದಾಗ ಇದೂ ಕೆಟ್ಟಿತು. ಮಕ್ಕಳು ಉತ್ತರ "ಇಪ್ಪತ್ತು ಸೆಂಟಿಮೀಟರ್ರೀ" ಅಂತ ಬರೆದು ಕೂತರು. ಇಪ್ಪತ್ತು ಪೂರ್ತಿ ಪಟ್ಟಿಯ ಎಷ್ಟನೇ ಪಾಲು ಎಂದು ನಾನು ಕೇಳಿರಲೇ ಇಲ್ಲ. ಎರಡನೇ ಸಲ ನಾಲ್ಕು ಸೆಂಟಿಮೀಟರಿನ ತುಂಡನ್ನು ಅಳತೆಗೋಲು ಮಾಡಿಕೊಂಡೆವು. ಅರ್ಧದಲ್ಲಿ ಅದು ಮೂರು ಸಲ, ಮೂರನೇ ಒಂದರಲ್ಲಿ ಎರಡು ಸಲ, ಇಡೀ ಪಟ್ಟಿಯಲ್ಲಿ ಆರು ಸಲ. ಮೂರು ಮತ್ತು ಎರಡು ಐದು, ಅಂದರೆ 5/6. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಎಂಬ ಮೂರು ಅಕ್ಷರ ಬಾಯಿಗೆ ಬರುವ ಮೊದಲೇ ಅದರ ಅರ್ಥ ಕೈಗೆ ಬಂದಿತ್ತು.

ಇಂಥ "ಕೆಟ್ಟ" ಸುದ್ದಿಯನ್ನು ತರಬೇತಿಯಲ್ಲಿ ಯಾರೂ ಹೇಳುವುದಿಲ್ಲ. ಮುಂದಿನ ಮೇ ತಿಂಗಳು ಸಂಪನ್ಮೂಲ ವ್ಯಕ್ತಿಯನ್ನು ನೀವೇ ಕೇಳಿ: "ಸರ, ಇದನ್ನ ನೀವು ಎಷ್ಟನೇ ವರ್ಗಕ್ಕ ಮಾಡಿದ್ರಿ? ಎಲ್ಲಿ ಕೆಟ್ಟಿತು?" ಉತ್ತರ ಬಂದರೆ ಅದನ್ನು ಬರೆದುಕೊಳ್ಳಿ, ಬರದಿದ್ದರೆ ಪೆನ್ನು ಕೆಳಗಿಡಿ. ಶಾಲೆಯಲ್ಲಿ ಒಂದು ಪಾಠಕ್ಕಾದರೂ ಪಕ್ಕದ ವರ್ಗದ ಶಿಕ್ಷಕರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿಕೊಳ್ಳಿ. ಕ್ಲಸ್ಟರಿನ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನ, ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದುವುದು ಮುಗಿದ ಮೇಲೆ ಹತ್ತು ನಿಮಿಷ ಕೊಡಿರೆಂದು ಸಿ.ಆರ್.ಪಿ.ಯವರನ್ನು (ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯನ್ನು) ಕೇಳಿ, ಕೆಟ್ಟದ್ದನ್ನೇ ಮೊದಲು ಹೇಳಿ. ನೀವು ಬಾಯಿ ಬಿಟ್ಟರೆ ಉಳಿದವರೂ ಬಿಡುತ್ತಾರೆ.

ಪ್ರಶ್ನೆ: ಶಿಕ್ಷಕರ ಆನ್‌ಲೈನ್ ತರಬೇತಿಯ ಸರ್ಕಾರಿ ತಾಣ ದೀಕ್ಷಾದಲ್ಲಿ ಇದುವರೆಗೆ ಹದಿನೆಂಟು ಪ್ರಮಾಣಪತ್ರ ಬಂದಿವೆ. ನಿಜ ಹೇಳಬೇಕೆಂದರೆ ವಿಡಿಯೋ ಓಡಲು ಬಿಟ್ಟು ರೊಟ್ಟಿ ಬಡಿಯುತ್ತೇನೆ. ಇದು ಪಾಪವೇ? (ಶಿಕ್ಷಕಿ, ಹಾನಗಲ್)

ಉತ್ತರ: ರೊಟ್ಟಿ ಸುಟ್ಟರೆ ಪಾಪ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಯ ವೃತ್ತಿ ಕಲಿಕೆ ಅಂದಿತು. ಗಂಟೆ ಎಣಿಸುವುದು ಸುಲಭ, ಆದ್ದರಿಂದ ಎಲ್ಲರೂ ಗಂಟೆ ಎಣಿಸುತ್ತಿದ್ದಾರೆ. ಹದಿನೆಂಟರಲ್ಲಿ ನಿಮಗೆ ಬೇಕಾದ ಒಂದನ್ನು ಆರಿಸಿ, ರಾತ್ರಿ ಒಲೆ ಆರಿಸಿದ ಮೇಲೆ ಇನ್ನೊಮ್ಮೆ ನೋಡಿ. ಉಳಿದ ಹದಿನೇಳು ಫೈಲಿನಲ್ಲಿರಲಿ.

ಪ್ರಶ್ನೆ: ಗದಗಿನ ಒಂದು ಖಾಸಗಿ ಶಾಲೆಯಲ್ಲಿದ್ದೇನೆ. ಏಪ್ರಿಲ್, ಮೇ ಸಂಬಳ ಕೊಡುವುದಿಲ್ಲ. ಆದರೆ ಮೇ ಕೊನೆಯ ವಾರ ತರಬೇತಿಗೆ ಬರಲೇಬೇಕು ಅಂತಾರೆ. ಮುಂಜಾನೆ ಇಂಗ್ಲಿಷ್ ಮಾತಾಡುವುದು ಹೇಗೆ ಅಂತ ಒಬ್ಬರು ಹೇಳಿದರೆ, ಮಧ್ಯಾಹ್ನ ನಾವು ಮನೆ ಮನೆಗೆ ಹೋಗಿ ಅಡ್ಮಿಷನ್ ಕೇಳಬೇಕು. ಏನು ಮಾಡಲಿ?

ಉತ್ತರ: ಮಧ್ಯಾಹ್ನದ್ದು ತರಬೇತಿಯಲ್ಲ, ಅದು ಮಾರಾಟ. ಆದರೆ ಇಲ್ಲಿ ಕೂತು ನಾನು ಧೈರ್ಯ ಹೇಳಿದರೆ ಜೂನ್‌ನಲ್ಲಿ ಕೆಲಸ ಹೋಗುವುದು ನಿಮ್ಮದು, ನನ್ನದಲ್ಲ. ಮೊದಲು ನೇಮಕಾತಿ ಪತ್ರ ತೆಗೆದು ನೋಡಿ, ಸಂಬಳ ಹತ್ತು ತಿಂಗಳದ್ದೋ ಹನ್ನೆರಡು ತಿಂಗಳದ್ದೋ ಅಂತ. ಪತ್ರವನ್ನೇ ಕೊಟ್ಟಿಲ್ಲವಾದರೆ ಎಷ್ಟು ಮಂದಿಗೆ ಕೊಟ್ಟಿಲ್ಲ ಎಂದು ತಿಳಿದುಕೊಂಡು, ಎಲ್ಲರೂ ಕೂಡಿಯೇ ಕೇಳಿ. ಒಬ್ಬರೇ ಹೋದರೆ "ಇವರದು ಬಾಳ ಆತು" ಅನ್ನುತ್ತಾರೆ, ಎಂಟು ಮಂದಿ ಹೋದರೆ ಕುರ್ಚಿ ಹಾಕುತ್ತಾರೆ. ಒಂದು ವಾರದ ತರಬೇತಿಗೆ ಒಂದು ವಾರದ ಪಗಾರ ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಪ್ರಶ್ನೆ: ನನ್ನ ಹೆಂಡತಿ ಸರ್ಕಾರಿ ಶಾಲೆಯ ಶಿಕ್ಷಕಿ. ಮೂರು ವರ್ಷದಿಂದ ಗೋಕರ್ಣಕ್ಕೆ ಹೋಗೋಣ ಅಂತೀವಿ, ಟಿಕೆಟ್ ತೆಗೆಸಿದ ಮರುದಿನವೇ ತರಬೇತಿಯ ಮೆಸೇಜು ಬರುತ್ತದೆ. ಮಕ್ಕಳು ನನ್ನನ್ನೇ ಬಯ್ಯುತ್ತಾರೆ. (ಹುಬ್ಬಳ್ಳಿ, ವಿದ್ಯಾನಗರ)

ಉತ್ತರ: ಮಕ್ಕಳು ಬಯ್ಯುವುದು ಸರಿಯಾಗಿದೆ, ಏಪ್ರಿಲ್ 12ಕ್ಕೇ ಹೊರಡಬೇಕಿತ್ತು. ಮೇ ಎರಡನೇ ವಾರದತನಕ ಕಾದು ಟಿಕೆಟ್ ತೆಗೆಸಿದರೆ ಹೀಗೇ. ಒಂದು ಕೆಲಸ ಮಾಡಿ: ರಜೆಯ ಅವಧಿಯಲ್ಲಿ ಕರ್ತವ್ಯಕ್ಕೆ ಕರೆದ ಆದೇಶದ ಪ್ರತಿ, ಹಾಜರಾತಿ ಪ್ರಮಾಣಪತ್ರ ಎರಡನ್ನೂ ಜೋಡಿಸಿ, ಆದೇಶದಲ್ಲಿ ಗಳಿಕೆ ರಜೆಯ (ದುಡಿದ ದಿನಗಳಿಗೆ ಬದಲಾಗಿ ಖಾತೆಗೆ ಜಮೆಯಾಗುವ ರಜೆಯ) ಮಾತಿದೆಯೋ ನೋಡಿ. ಇದ್ದರೆ ಜೂನ್‌ನಲ್ಲಿಯೇ ಅರ್ಜಿ ಕೊಟ್ಟು ಸೇವಾ ಪುಸ್ತಕದಲ್ಲಿ ನಮೂದು ಮಾಡಿಸಲಿ. ಆಮೇಲೆ ಮಾಡಿಸಿದರಾಯಿತು ಅಂತ ನಾನು ಬಿಟ್ಟದ್ದು ನಿವೃತ್ತಿಯ ವರ್ಷ ಹುಡುಕಿದರೆ ಕಾಗದವೇ ಸಿಗಲಿಲ್ಲ. ಗೋಕರ್ಣ ದಸರಾ ರಜೆಯಲ್ಲಿ ಇನ್ನೂ ಚಲೋ ಇರುತ್ತದೆ, ಹೋಗಿ ಬನ್ನಿ.